ಎರಡು ಸಲ ಹೊಲಿದ ಗುಂಡಿ

ಮಿಸ್ ಅವರ ಕೈಚೀಲದಲ್ಲಿ ಒಂದು ಪುಟ್ಟ ಡಬ್ಬಿ ಇರುತ್ತಿತ್ತು. ಹಿಂದೆ ಅದರಲ್ಲಿ ಯಾವುದೋ ನೋವಿನ ಮುಲಾಮು ಇದ್ದಿರಬೇಕು, ಮುಚ್ಚಳ ತೆಗೆದರೆ ನೀಲಗಿರಿ ಎಣ್ಣೆಯ ವಾಸನೆ ಬರುತ್ತಿತ್ತು. ಒಳಗೆ ಬಿಳಿ, ನೀಲಿ ಗುಂಡಿಗಳು, ಯಾರದೋ ಕೋಟಿನ ಒಂದೆರಡು ದೊಡ್ಡ ಕಂದು ಗುಂಡಿಗಳು, ಜೊತೆಗೆ ದಾರ ಪೋಣಿಸಿಯೇ ಇಟ್ಟ ಸೂಜಿ. ಒಂದನೇ ಕ್ಲಾಸಿನ ಮಕ್ಕಳ ಅಂಗಿಯ ಮೇಲೆ ಗುಂಡಿ ನಿಲ್ಲುವುದಿಲ್ಲ, ಅದು ತಾಯಂದಿರಿಗೆಲ್ಲ ಗೊತ್ತು. ಯಾರದಾದರೂ ಕಿತ್ತುಬಂದರೆ ಅವರು ಆ ಮಗುವನ್ನು ಮಗ್ಗುಲಲ್ಲಿ ನಿಲ್ಲಿಸಿಕೊಂಡು ಹೊಲಿಯುತ್ತಿದ್ದರು. ಹೊಲಿಯುವಷ್ಟು ಹೊತ್ತೂ ಓದಿಸುತ್ತಿದ್ದರು. "ಸೂಜಿ ಇದೆ ಮಾರಾಯ, ಅಲ್ಲಾಡಬೇಡ" ಅಂದರೆ ಎಂಥ ತುಂಟನೂ ಕಂಬದ ಹಾಗೆ ನಿಂತು ಎರಡು ಸಾಲು ಓದಿಬಿಡುತ್ತಿದ್ದ.

"ಇಷ್ಟು ನೆಟ್ಟಗೆ ನಿಂತು ಓದೋ ಹೊತ್ತು ಬೇರೆ ಯಾವಾಗ ಸಿಗ್ತದೆ ಅಕ್ಕ?" ಎಂದು ನನ್ನನ್ನು ಕೇಳಿದ್ದರು.

ಹೋದ ವಾರ ತಾಯಂದಿರ ವಾಟ್ಸಾಪ್ ಗುಂಪಿಗೆ ಒಂದು ವೀಡಿಯೊ ಬಂತು. ಊರಾಚೆ ಎದ್ದಿರುವ ಹೊಸ ಶಾಲೆಯ ವಾರ್ಷಿಕೋತ್ಸವ. ಉತ್ತಮ ಶಿಕ್ಷಕಿ ಎಂದು ಅವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಎರಡು ಮಾತಾಡಿ ಎಂದು ಮೈಕು ಕೈಗಿಟ್ಟಿದ್ದರು. ಗುಂಪಿನಲ್ಲಿ ಕೈಮುಗಿದ ಚಿತ್ರಗಳು, ಹೂವಿನ ಚಿತ್ರಗಳು ಸಾಲಾಗಿ ಬಂದವು. ಒಬ್ಬರು ನನ್ನ ಹೆಸರು ಹಾಕಿ, "ನೀವು ಮಿಸ್‌ಗೆ ಅಷ್ಟು ಹತ್ತಿರದೋರು, ಅವರ ಬಗ್ಗೆ ನಾಲ್ಕು ಸಾಲು ಬರೀರಿ" ಎಂದು ಕೇಳಿದರು. ನಾನು ಫೋನನ್ನು ಮಗುಚಿಟ್ಟು ಕುಕ್ಕರಿನ ಹತ್ತಿರ ಹೋದೆ. ನಾಲ್ಕು ಸಾಲಿಗೆ ಮುಗಿಯುವಂಥದ್ದಲ್ಲ ಅದು. ಹೆಸರು ಬೇಡ. ನಮಗೆಲ್ಲ ಅವರು ಮಿಸ್, ಅಷ್ಟೇ.

ಮಿಸ್ ಹತ್ತಿರ ಒಂದನೇ ಕ್ಲಾಸಿಗೆ ಸೇರಿದಾಗ ನನ್ನ ಮಗಳು ಭೂಮಿ ಮನೆಯಲ್ಲಿ ಗಿಳಿಯ ಹಾಗೆ ಮಾತಾಡುವವಳು, ಹೊಸಿಲು ದಾಟಿದರೆ ಬಾಯಿ ಬಿಡುತ್ತಿರಲಿಲ್ಲ. ಅಂಗಡಿಯವರು ಚಾಕೊಲೇಟು ಕೊಟ್ಟು ಹೆಸರೇನು ಎಂದರೆ ಚಾಕೊಲೇಟನ್ನು ವಾಪಸು ಇಟ್ಟುಬಿಡುತ್ತಿದ್ದಳು. ಬರೆಯುವುದೂ ನಿಧಾನ. ಒಂದು 'ಮ' ಬರೆಯುವಷ್ಟರಲ್ಲಿ ಪಕ್ಕದ ಮಕ್ಕಳು ಸ್ಲೇಟು ತುಂಬಿಸಿ ಒರೆಸಿಯೂ ಆಗಿರುತ್ತಿತ್ತು. ಶಾಲೆ ಶುರುವಾದ ಹೊಸತರಲ್ಲಿ ಅವಳು ಮರೆತುಹೋದ ನೀರಿನ ಬಾಟಲಿ ಕೊಡಲು ಹೋದವಳು ನಾನು ಕಿಟಕಿಯ ಹತ್ತಿರ ನಿಂತುಬಿಟ್ಟೆ.

ಅನೀಶ ಅಂತ ಒಬ್ಬ ಹುಡುಗ ಎಲ್ಲರಿಗಿಂತ ಮೊದಲು ಬರೆದು ಮುಗಿಸಿದ. ಮುಗಿಸಿದವನು ಮಿಸ್ ಹತ್ತಿರ ಓಡಲಿಲ್ಲ. ಸ್ಲೇಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ಭೂಮಿಯ ಪಕ್ಕ ಕೂತು ಕಾಲಾಡಿಸತೊಡಗಿದ. ಸ್ವಲ್ಪ ಹೊತ್ತಿಗೆ ಇನ್ನೊಬ್ಬಳು ಬಂದಳು, ಮತ್ತೊಬ್ಬ ಬಂದ. ಕೊನೆಕೊನೆಗೆ ಇಡೀ ಕ್ಲಾಸು ತಂತಿಯ ಮೇಲಿನ ಹಕ್ಕಿಗಳ ಹಾಗೆ ನನ್ನ ಮಗಳ ಸುತ್ತ ಕೂತಿತ್ತು. ಒಬ್ಬರೂ ಹೇಳಿಕೊಡಲಿಲ್ಲ, ನಗಲಿಲ್ಲ. ಅವಳು ಕೊನೆಯ ಅಕ್ಷರ ಬರೆದು ತಲೆ ಎತ್ತಿದ ಮೇಲೆ ಎಲ್ಲರೂ ಒಟ್ಟಿಗೇ ಎದ್ದರು.

ನಾನು ಓದಿದ್ದು ತೀರ್ಥಹಳ್ಳಿಯಲ್ಲಿ, ಕಾನ್ವೆಂಟಿನಲ್ಲಿ. ನಮ್ಮಲ್ಲಿ ಮೊದಲು ಮುಗಿಸಿದವರ ಕೈಗೆ ನಕ್ಷತ್ರದ ಮುದ್ರೆ, ಕೊನೆಗೆ ಉಳಿದವರಿಗೆ ಸಿಸ್ಟರ್ ತಮ್ಮ ಕೈಗಡಿಯಾರವನ್ನು ಬೆರಳಿನಿಂದ ತಟ್ಟಿ ತೋರಿಸುತ್ತಿದ್ದರು. ಆ ಟಕ್ ಟಕ್ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಹಾಗಾಗಿ ಕಿಟಕಿಯಾಚೆ ಕಂಡದ್ದು ನನಗೆ ನಂಬಲಿಕ್ಕೇ ಆಗಲಿಲ್ಲ.

"ಇದು ನಾನು ಕಂಡುಹಿಡಿದದ್ದೇನಲ್ಲ ಅಕ್ಕ," ಎಂದು, ನಾನು ಕೇಳಿದ್ದಕ್ಕೆ ಮಿಸ್ ನಕ್ಕರು. ಅವರು ಹೊಸನಗರದ ಕಡೆಯವರು, ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವರು. "ನಮ್ಮನೇಲಿ ಊಟಕ್ಕೆ ಕೂತ್ರೆ ಪಂಕ್ತೀಲಿ ಎಲ್ಲರದ್ದೂ ಆಗೋ ತನಕ ಅಜ್ಜಿ ಏಳಕ್ಕೇ ಬಿಡ್ತಿರ್ಲಿಲ್ಲ. ನಾನು ಚಿಕ್ಕೋಳಿದ್ದಾಗ ಭಾರಿ ನಿಧಾನ. ದೊಡ್ಡಪ್ಪ, ಚಿಕ್ಕಪ್ಪ ಎಲ್ಲ ಕೈ ಒಣಗಿಸ್ಕೊಂಡು ನಾನೊಬ್ಳು ಮಜ್ಜಿಗೆ ಅನ್ನ ಮುಗಿಸೋದನ್ನ ಕಾಯ್ತಿದ್ರು. ಒಬ್ರಾದ್ರೂ ಬೈಯ್ಯಲಿಲ್ಲ ನೋಡಿ. ಕೊನೆಗೆ ಉಳಿದೋರನ್ನ ಒಬ್ರೇ ಬಿಟ್ಟು ಏಳಬಾರದು, ಅಷ್ಟೇ ನಂಗೆ ಗೊತ್ತಿರೋದು."

"ಹೇಳಿಕೊಟ್ರೆ ಬೇಗ ಆಗ್ತದಲ್ವಾ ಮಿಸ್?"

"ಇವತ್ತು ಹೇಳಿಕೊಟ್ರೆ ನಾಳೆನೂ ಹೇಳಿಕೊಡಬೇಕು. ಸುಮ್ನೆ ಜೊತೆಗೆ ಕೂತ್ರೆ ಕೈ ತಾನಾಗೇ ನಡೀತದೆ."

ಮಕ್ಕಳು ಅದಕ್ಕೆ 'ಜೊತೆ ಕೂರೋದು' ಎಂದು ಹೆಸರಿಟ್ಟಿದ್ದರು. ಭೂಮಿ ಮನೆಗೆ ಬಂದು, "ಇವತ್ತು ನಂಗೆ ಎಲ್ಲರೂ ಜೊತೆ ಕೂತ್ರು" ಎನ್ನುವಾಗ ಬಹುಮಾನ ಬಂದವಳ ಮುಖ ಇರುತ್ತಿತ್ತು ಅವಳದು.

ಮಿಸ್ ಹಾಜರಿ ಕರೆಯುತ್ತಿದ್ದುದೂ ಹಾಗೆಯೇ. ಹಳ್ಳಿ ಕಡೆಯ ಒಂದು ಬಸ್ಸು ದಿನಾ ತಡವಾಗುತ್ತಿತ್ತು, ಅದರಲ್ಲಿ ಇಬ್ಬರು ಮಕ್ಕಳು ಬರುತ್ತಿದ್ದರು. ಅವರು ಬಂದು ಚೀಲ ಇಳಿಸುವ ತನಕ ಮಿಸ್ ಹಾಜರಿ ಪುಸ್ತಕ ತೆಗೆಯುತ್ತಿರಲಿಲ್ಲ. ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು, "ನಿಮ್ಮ ಕ್ಲಾಸು ಕೆಎಸ್ಸಾರ್ಟಿಸಿ ಟೈಮಿಗೆ ನಡೆಯೋದಾ?" ಎಂದು ಕೇಳಿದರೆ, "ಇಲ್ಲ ಸರ್, ಅದು ಪ್ರೈವೇಟ್ ಬಸ್ಸು" ಎನ್ನುತ್ತಿದ್ದರು. ಮುಖದಲ್ಲಿ ಒಂದು ಗೆರೆಯೂ ಬದಲಾಗುತ್ತಿರಲಿಲ್ಲ.

ಇನ್ನು ಗುಂಡಿಯ ವಿಷಯ. ಭೂಮಿಯ ಯೂನಿಫಾರಂ ಫ್ರಾಕಿಗೆ ಬೆನ್ನ ಕಡೆ ಗುಂಡಿಗಳು. ಒಂದು ದಿನ ಅದರಲ್ಲೊಂದು ಕಿತ್ತುಬಂತು. ಮಿಸ್ ಅವಳನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ ಹಿಂದಿನಿಂದ ಹೊಲಿಯತೊಡಗಿದರು. ಗೋಡೆಯ ಮೇಲೆ ಅವರೇ ಬರೆದ ಹಾಳೆ ಇತ್ತು. 'ಮರದ ಮೇಲೆ ಗಿಳಿ', ಅದರ ಕೆಳಗೆ 'ಗಿಳಿಯ ಬಾಯಲಿ ಹಣ್ಣು'. ಅಷ್ಟು ತಿಂಗಳು ಅವಳನ್ನು ಓದು ಎಂದು ಅವರು ಕೇಳಿಯೇ ಇರಲಿಲ್ಲ, ಅವತ್ತೂ ಕೇಳಲಿಲ್ಲ. ಎದುರಿಗೆ ಯಾರ ಮುಖವೂ ಇಲ್ಲದೆ ಇದ್ದದ್ದಕ್ಕೋ ಏನೋ, ಭೂಮಿ ಗೋಡೆಗೆ ಹೇಳುವ ಹಾಗೆ ಮೊದಲನೆಯ ಸಾಲನ್ನು ಗಟ್ಟಿಯಾಗಿ ಓದಿದಳು. ಅಷ್ಟರಲ್ಲಿ ಹೊಲಿಗೆ ಮುಗಿದು ಗಂಟು ಹಾಕಿ ಆಗಿತ್ತು. ಮಿಸ್ ಏನು ಮಾಡಿದರು ಎಂದರೆ, ಹಾಕಿದ ಗಂಟನ್ನು ಸದ್ದಿಲ್ಲದೆ ಬಿಚ್ಚಿ, ಗುಂಡಿ ತೆಗೆದು, ಮತ್ತೆ ಮೊದಲಿನಿಂದ ಹೊಲಿದರು. ಭೂಮಿ ಎರಡನೆಯ ಸಾಲನ್ನೂ ಓದಿದಳು.

ಅವತ್ತು ಸಂಜೆ ಅವರು ಬಸ್ಸನ್ನು ಬಿಟ್ಟು ನಮ್ಮ ಮನೆಗೇ ನಡೆದು ಬಂದರು, ಇದನ್ನು ಹೇಳಲಿಕ್ಕೆ. ಹೇಳುವಾಗ ಅವರ ಬೆರಳುಗಳು ಗಾಳಿಯಲ್ಲೇ ದಾರ ಬಿಚ್ಚುತ್ತಿದ್ದವು. ನಾವಿಬ್ಬರೂ ಅತ್ತೆವು. ಕಾಫಿ ಕುಡಿದ ಲೋಟವನ್ನು ಅವರೇ ತೊಳೆದು ಕವುಚಿಟ್ಟು ಹೋದರು. ಆ ಫ್ರಾಕಿನ ಗುಂಡಿ ಬಿಳಿಯದು, ದಾರ ನೀಲಿ. ಆ ಫ್ರಾಕೊಂದನ್ನು ನಾನು ಯಾರಿಗೂ ಕೊಟ್ಟಿಲ್ಲ.

ಆಮೇಲಿನ ಶನಿವಾರಗಳಲ್ಲಿ ಅವರು ಮಧ್ಯಾಹ್ನ ನಮ್ಮ ಮನೆಗೆ ಬರತೊಡಗಿದರು. ಇಂಗ್ಲಿಷ್ ಮೀಡಿಯಮ್ಮಿನ ಮಕ್ಕಳಿಗೆ ಪಾಠ ಮಾಡಿದರೂ ದೊಡ್ಡವರ ಎದುರು ಇಂಗ್ಲಿಷಿನಲ್ಲಿ ಮಾತಾಡಲು ಅವರಿಗೆ ಹೆದರಿಕೆ. "ಕನ್ನಡ ಶಾಲೇಲಿ ಓದಿದ್ದಲ್ವಾ ಅಕ್ಕ, ಬಾಯಿಗೆ ಬರೋ ಹೊತ್ತಿಗೆ ಎದೆ ಹೊಡ್ಕೊಳ್ತದೆ. ನೀವು ಸ್ವಲ್ಪ ತಿದ್ದಿ" ಎಂದರು. ನನಗೆ ಕಾನ್ವೆಂಟಿನ ಇಂಗ್ಲಿಷು ಮದುವೆಯಾದ ಮೇಲೆ ಪೆಟ್ಟಿಗೆಯಲ್ಲಿಟ್ಟ ಸೀರೆಯಂತೆ ಇತ್ತು. ಉಡಲಿಕ್ಕೊಂದು ಕಾರಣ ಸಿಕ್ಕಿತು. ಮೊಸರವಲಕ್ಕಿ ಕಲಸಿಟ್ಟುಕೊಂಡು ಅವರಿಗಾಗಿ ಕಾಯುತ್ತಿದ್ದೆ. ಸಿಸ್ಟರ್ ನಮಗೆ ಕಲಿಸಿದ್ದನ್ನೇ ಅವರಿಗೆ ಕಲಿಸಿದೆ. ಕೈ ಹಿಂದೆ ಕಟ್ಟಬೇಡಿ, ಮಾತಿನ ಕೊನೆಯನ್ನು ನುಂಗಬೇಡಿ, ಮುಖ್ಯವಾದ ಮಾತು ಬರುವ ಮೊದಲು ಒಂದು ಉಸಿರು ನಿಲ್ಲಿಸಿ.

ಒಂದು ಶನಿವಾರ ಕೇಳಿದರು. "ಯಾರಾದ್ರೂ, ನಿಮ್ಮ ಕ್ಲಾಸಿನಲ್ಲಿ ಮರೆಯಕ್ಕಾಗದೇ ಇರೋದು ಒಂದು ಹೇಳಿ ಅಂದ್ರೆ ಹೇಗೆ ಹೇಳೋದು ಅಕ್ಕ?"

"ಯಾವುದನ್ನ ಹೇಳ್ತೀರಿ?"

"ಇನ್ಯಾವುದು? ನಮ್ಮ ಭೂಮಿದು."

ನನಗೆ ಎಷ್ಟು ಖುಷಿಯಾಯಿತೆಂದರೆ ಯಾರು ಕೇಳುತ್ತಾರೆ, ಯಾಕೆ ಕೇಳುತ್ತಾರೆ ಎಂದು ತಲೆಗೇ ಹೋಗಲಿಲ್ಲ. ಎರಡು ಮೂರು ಶನಿವಾರ ಕೂತು ವಾಕ್ಯ ವಾಕ್ಯವಾಗಿ ಕಟ್ಟಿಕೊಟ್ಟೆ. 'ನನ್ನ ಕ್ಲಾಸಿನಲ್ಲಿ ಮಾತಾಡದ ಒಂದು ಮಗು ಇತ್ತು' ಎಂದು ಶುರು. 'ಗಂಟು ಹಾಕಿದೆ' ಎಂದ ಮೇಲೆ ಒಂದು ಉಸಿರು ನಿಲ್ಲಿಸಿ, ಆಮೇಲೆ 'ಮತ್ತೆ ಬಿಚ್ಚಿದೆ'. ಕೊನೆಗೆ, 'ಆ ಮಗುವಿಗೆ ಇದು ಇವತ್ತಿಗೂ ಗೊತ್ತಿಲ್ಲ'. ಆ ಕೊನೆಯ ವಾಕ್ಯ ನನ್ನದು. ಕೇಳಿ ಅವರು ನನ್ನ ಕೈ ಹಿಡಿದುಕೊಂಡಿದ್ದರು.

ಬೇಸಿಗೆ ರಜೆಯಲ್ಲಿ, ಮೇ ತಿಂಗಳಲ್ಲಿ ಭೂಮಿಯ ಹುಟ್ಟುಹಬ್ಬ. ಮಿಸ್ ಬಂದು ಪಾಯಸ ಉಂಡರು. ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡವರು ಬಗ್ಗಿ ಅವಳ ಕೆನ್ನೆ ತಟ್ಟಿ, "ಜೂನಲ್ಲಿ ಸಿಗಣ ಪುಟ್ಟಿ" ಎಂದರು. ಎರಡನೇ ಕ್ಲಾಸಿಗೂ ನಾನೇ ಬರ್ತೇನೆ ಎಂದು ಅವರು ಮೊದಲೇ ಮಕ್ಕಳಿಗೆಲ್ಲ ಹೇಳಿದ್ದರು. ಅವಳು ಗೋಡೆಯ ಕ್ಯಾಲೆಂಡರಿನಲ್ಲಿ ಜೂನಿನ ಹಾಳೆಯನ್ನು ದಿನಾ ಎತ್ತಿ ನೋಡುತ್ತಿದ್ದಳು.

ಜೂನಿನಲ್ಲಿ ಹೊಸ ರೇನ್‌ಕೋಟು ಹಾಕಿಸಿ ಕರೆದುಕೊಂಡು ಹೋದೆ. ಗೇಟಿನ ಹತ್ತಿರ ಅನೀಶನ ಅಮ್ಮ ಸುಮಾ ಸಿಕ್ಕರು. ಕೈಯಲ್ಲಿ ಮಗನ ಟೀಸಿ ಇತ್ತು, ಅನೀಶ ಬೇರೆ ಬಣ್ಣದ ಯೂನಿಫಾರಂ ಹಾಕಿದ್ದ.

"ಎಲ್ಲಿಗೆ ಸುಮಾ, ಊರು ಬಿಡ್ತಿದೀರಾ?"

"ಇಲ್ಲಪ್ಪ. ಆ ಹೊಸ ಶಾಲೆಗೆ. ಮಿಸ್ ಅಲ್ಲಿಗೆ ಹೋದ್ರಲ್ಲ, ನಮ್ಮನ್ನೂ ಬನ್ನಿ ಅಂದ್ರು. ಏಪ್ರಿಲ್‌ನಲ್ಲೇ ಮನೆ ಮನೆಗೆ ಬಂದು ಮಾತಾಡಿದ್ರು." ಸುಮಾ ನನ್ನ ಮಗಳ ಹಳೆಯ ಯೂನಿಫಾರಂ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. "ನಿಮಗೆ ಹೇಳಿಲ್ವಾ? ನಿಮ್ಮ ಮನೆಗೇ ಮೊದಲು ಹೇಳಿರ್ತಾರೆ ಅಂದ್ಕೊಂಡಿದ್ವಿ."

ಏಪ್ರಿಲ್. ಅಂದರೆ ಪಾಯಸ ಉಣ್ಣುವಾಗ ಅವರಿಗೆ ಎಲ್ಲ ಗೊತ್ತಿತ್ತು.

ಕ್ಲಾಸಿನಲ್ಲಿ ಅರ್ಧಕ್ಕರ್ಧ ಬೆಂಚು ಖಾಲಿ. ಚೆನ್ನಾಗಿ ಓದುವ ಮಕ್ಕಳು, ಪಟಪಟ ಉತ್ತರ ಹೇಳುವ ಮಕ್ಕಳು, ಅವರನ್ನೆಲ್ಲ ಆರಿಸಿ ತೆಗೆದ ಹಾಗೆ ಕಾಣುತ್ತಿತ್ತು. ಉಳಿದವರು ತಡವಾಗಿ ಬರುವ ಬಸ್ಸಿನ ಆ ಇಬ್ಬರು, ಇನ್ನು ಕೆಲವರು, ನನ್ನ ಮಗಳು. ನಮ್ಮನೆಯವರಿಗೆ ಹೇಳಿದಾಗ ಅವರು ಪೇಪರಿನಿಂದ ತಲೆ ಎತ್ತಿ, "ಇಂಟರ್‌ವ್ಯೂ ಕೋಚಿಂಗ್ ಕೊಟ್ಟಿದ್ದು ನೀನೇ ಅಲ್ವಾ? ಪಾಸಾಗಿದಾರೆ, ಸ್ವೀಟು ತಗೊಂಡೋಗು" ಅಂದರು. ಆಮೇಲೆ ಪಾಪ ಅನ್ನಿಸಿರಬೇಕು, ಎದ್ದು ಬಂದು ನಾನು ಹೆಚ್ಚುತ್ತಿದ್ದ ಬೀನ್ಸಿನಲ್ಲಿ ಅರ್ಧ ಅವರೇ ಹೆಚ್ಚಿಕೊಟ್ಟರು.

ನಾನು ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೊಮ್ಮೆ ಮಾಡಿದೆ. ಆಮೇಲೆ ಮಾಡಲಿಲ್ಲ.

ಹೊಸ ಟೀಚರ್ ಕೆಟ್ಟವರೇನಲ್ಲ. ಚಿಕ್ಕ ಹುಡುಗಿ, ಆಗಷ್ಟೇ ಕೆಲಸಕ್ಕೆ ಸೇರಿದವಳು. ಮೊದಲು ಮುಗಿಸಿದವರು ಆಟಕ್ಕೆ ಹೋಗಿ ಎಂದು ಹೇಳಿದ್ದಳು. ಎಲ್ಲ ಕಡೆಯಲ್ಲೂ ಇರುವ ಪದ್ಧತಿ ಅದು. ಮೊದಲ ವಾರ ಮುಗಿಯುವಾಗ ಭೂಮಿ ಶೂ ಬಿಚ್ಚುತ್ತಾ ಹೇಳಿದಳು, "ಅಮ್ಮ, ಈ ಕ್ಲಾಸಲ್ಲಿ ಯಾರೂ ಜೊತೆ ಕೂರಲ್ಲ." ಅಷ್ಟೇ. ಶಾಲೆಯಲ್ಲಿ ಅವಳ ಮಾತು ಮತ್ತೆ ಒಳಗೆ ಹೋಯಿತು, ವಾಪಸು ಬರಲು ಎರಡು ವರ್ಷ ಹಿಡಿಯಿತು. ಮಿಸ್ ಯಾಕೆ ಬರಲಿಲ್ಲ ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ಜೂನ್ ಕಳೆದ ಮೇಲೂ ಆ ಹಾಳೆಯನ್ನು ಮಾತ್ರ ಹರಿಯಲು ಬಿಡಲಿಲ್ಲ.

ಮರುವರ್ಷ ಹೆಗ್ಗೋಡಿನ ನೆಂಟರೊಬ್ಬರ ಮನೆಯ ಮದುವೆ ನಮ್ಮೂರು ಸಾಗರದಲ್ಲೇ ಇತ್ತು. ಊಟಕ್ಕೆ ಜನವೋ ಜನ. ನನ್ನ ಪಕ್ಕದಲ್ಲಿ ಒಂದೆಲೆ ಖಾಲಿ ಇತ್ತು. ಬಡಿಸುವವರು, "ಇಲ್ಲೊಂದು ಜಾಗ ಇದೆ, ಬನ್ನಿ ಬನ್ನಿ" ಎಂದು ಯಾರನ್ನೋ ಕರೆತಂದು ಕೂರಿಸಿದರು. ತಿರುಗಿ ನೋಡಿದರೆ ಮಿಸ್.

"ಹುಷಾರಾ ಅಕ್ಕ?"

"ಹುಷಾರು."

"ಭೂಮಿ ಬಂದಿಲ್ವಾ?"

"ಇಲ್ಲ. ಜನ ಅಂದ್ರೆ ಅವಳಿಗೆ ಆಗಲ್ಲ. ನಿಮಗೆ ಗೊತ್ತಲ್ಲ."

ಕೋಸಂಬರಿ ಬಂತು, ಪಲ್ಯ ಬಂತು. ಅವರು ಎಲೆಯ ತುದಿಯ ಉಪ್ಪನ್ನು ಬೆರಳಿನಿಂದ ಒಂದು ಕಡೆಗೆ ಒಟ್ಟುತ್ತಿದ್ದರು.

"ನನ್ನ ಮೇಲೆ ಸಿಟ್ಟಾ ಅಕ್ಕ?"

"ಜೂನಲ್ಲಿ ಸಿಗಣ ಅಂದಿದ್ರಿ."

ಅವರು ಅನ್ನ ಕಲಸಿದರು. "ಅಲ್ಲಿ ಸೇರಿಸ್ಕೊಳ್ಳೋ ಮೊದಲು ಮಕ್ಕಳನ್ನ ಎದುರಿಗೆ ಕೂರಿಸ್ಕೊಂಡು ಪ್ರಶ್ನೆ ಕೇಳ್ತಾರೆ. ಭೂಮಿ ಅಲ್ಲಿ ಬಾಯಿ ಬಿಡ್ತಿದ್ಲಾ? ನೀವೇ ಹೇಳಿ."

"ಬಿಡ್ತಿರ್ಲಿಲ್ಲ."

"ಮತ್ತೆ? ನಾನು ಒಳ್ಳೆ ಮಕ್ಕಳನ್ನ ಕರ್ಕೊಂಡು ಬರ್ತೀನಿ ಅಂದಿದ್ದೆ. ನನ್ನ ಕೆಲಸ ಪರ್ಮನೆಂಟ್ ಆಗೋದು ಅದರ ಮೇಲೇ ಇತ್ತು. ಹಳೇ ಶಾಲೇಲಿ ಕೆಲಸ ಮುಂದುವರಿಸಿ ಅಂತ ವರ್ಷ ವರ್ಷ ಬೇಡ್ಕೊಂಡು ನಿಲ್ತಿದ್ದೆ, ಅದು ನಿಮಗೂ ಗೊತ್ತು."

ಒಳ್ಳೆ ಮಕ್ಕಳು. ಆ ಮಾತು ಬಾಯಿಂದ ಬಿದ್ದದ್ದು ಅವರಿಗೆ ಗೊತ್ತಾಯಿತೋ ಇಲ್ಲವೋ.

"ಬರಬೇಡಿ ಅಂದಿದ್ರೂ ಆಗ್ತಿತ್ತು ಮಿಸ್. ಹೋಗ್ತಿದೀನಿ ಅಂತ ಒಂದು ಮಾತು ಹೇಳಬಹುದಿತ್ತು."

"ಹೇಳಿದ್ರೆ ನೀವು ಅಳ್ತಿದ್ರಿ," ಎಂದರು. "ನೀವು ಅತ್ರೆ ನಂಗೆ ಹೋಗಕ್ಕಾಗ್ತಿರ್ಲಿಲ್ಲ."

ಅದು ಸುಳ್ಳಲ್ಲ ಎಂದು ನನಗೆ ಅನ್ನಿಸಿತು. ಅದಕ್ಕೇ ಇನ್ನೂ ಕಷ್ಟವಾಯಿತು. ಸುಳ್ಳಾಗಿದ್ದರೆ ಮನೆಗೆ ಬಂದು ಮರೆತುಬಿಡಬಹುದಿತ್ತು.

ನಾನು ಮೊದಲೇ ನಿಧಾನ, ಅವತ್ತಂತೂ ತುತ್ತು ಇಳಿಯುತ್ತಲೇ ಇರಲಿಲ್ಲ. ಮಜ್ಜಿಗೆ ಬರುವಷ್ಟರಲ್ಲಿ ಅವರದ್ದು ಮುಗಿದಿತ್ತು. ಎದುರು ಸಾಲಿನಲ್ಲಿ ಒಬ್ಬೊಬ್ಬರೇ ಏಳುತ್ತಿದ್ದರು. ಈಗಿನ ಮದುವೆ ಊಟಗಳಲ್ಲಿ ಯಾರೂ ಯಾರಿಗೂ ಕಾಯುವುದಿಲ್ಲ. ಮಿಸ್ ಒಮ್ಮೆ ನನ್ನ ಎಲೆಯನ್ನು ನೋಡಿದರು, ಇನ್ನೂ ಅನ್ನ ಇತ್ತು. ಗಡಿಯಾರ ನೋಡಿಕೊಂಡರು. "ಸ್ಕೂಲ್ ವ್ಯಾನ್ ಹೊರಗೆ ಕಾಯ್ತಿದೆ ಅಕ್ಕ, ಬರ್ಲಾ?" ಎಂದು ಎಲೆ ಮಡಿಚಿ ಎದ್ದರು. ಕೈ ತೊಳೆಯುವ ಕಡೆಗೆ ಹೋಗುವ ಗುಂಪಿನಲ್ಲಿ ಅವರ ಸೀರೆ ಸ್ವಲ್ಪ ದೂರ ಕಂಡಿತು. ನಾನು ಕೊನೆಯ ತನಕ ಕೂತು ಉಂಡೆ. ಪಕ್ಕದಲ್ಲಿ ಮಡಿಚಿದ ಎಲೆ ಇತ್ತು.

ಇದಾಗಿ ಈಗ ಬಹಳ ದಿನವಾಯಿತು. ಭೂಮಿ ಆರನೇ ಕ್ಲಾಸು. ಮಾತಾಡುತ್ತಾಳೆ, ಎಷ್ಟು ಬೇಕೋ ಅಷ್ಟು. ವೀಡಿಯೊ ಬಂದ ದಿನ ನಾನು ಕುಕ್ಕರಿನ ಕೆಲಸ ಮುಗಿಸಿ ಬಂದು ಫೋನನ್ನು ಮತ್ತೆ ತಿರುಗಿಸಿದೆ. ಅವಳು ಬಂದು ನನ್ನ ಹೆಗಲ ಮೇಲೆ ಗಲ್ಲ ಊರಿದಳು. ಬೇಡ ಎನ್ನುವ ಮೊದಲೇ ಅದು ಓಡತೊಡಗಿತ್ತು.

ಮಿಸ್ ರೇಷ್ಮೆ ಸೀರೆ ಉಟ್ಟಿದ್ದರು. ಕೈ ಹಿಂದೆ ಕಟ್ಟಿರಲಿಲ್ಲ, ಮಾತಿನ ಕೊನೆಯನ್ನು ನುಂಗಲಿಲ್ಲ. ಚಂದದ ಇಂಗ್ಲಿಷು. 'ನನ್ನ ಕ್ಲಾಸಿನಲ್ಲಿ ಮಾತಾಡದ ಒಂದು ಮಗು ಇತ್ತು' ಎಂದು ಶುರು ಮಾಡಿದರು. ಗುಂಡಿ ಬಂತು, ಗೋಡೆಯ ಗಿಳಿ ಬಂತು. 'ಗಂಟು ಹಾಕಿದೆ' ಎಂದು ಒಂದು ಉಸಿರು ನಿಲ್ಲಿಸಿದರು, ಸರಿಯಾಗಿ ನಾನು ಹೇಳಿದ ಜಾಗದಲ್ಲಿ. 'ಮತ್ತೆ ಬಿಚ್ಚಿದೆ.' ಆಮೇಲೆ ನನ್ನ ಆ ಕೊನೆಯ ವಾಕ್ಯ. ಆ ಮಗುವಿಗೆ ಇದು ಇವತ್ತಿಗೂ ಗೊತ್ತಿಲ್ಲ. ಚಪ್ಪಾಳೆ ಬಹಳ ಹೊತ್ತು ನಡೆಯಿತು, ಮುಂದಿನ ಸಾಲಿನ ಒಬ್ಬಾಕೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ಆ ಮಗು ಈಗ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಫೋನು ಆರಿಸಿದೆ. ಹೆಗಲ ಮೇಲಿನ ಗಲ್ಲ ಅಲ್ಲಾಡಲಿಲ್ಲ.

"ಅದು ನಾನಲ್ವಾ?"

"ಹೂಂ."

"ನಂಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಬಿಚ್ಚಿದ್ದು. ದಾರ ವಾಪಸ್ ಎಳೀವಾಗ ಬೆನ್ನಿಗೆ ಗೊತ್ತಾಗ್ತದಲ್ಲ ಅಮ್ಮ."

"ಮತ್ತೆ ಸುಮ್ನೆ ಯಾಕೆ ನಿಂತಿದ್ದೆ?"

ಅವಳು ಇದೇನು ಕೇಳುವ ಮಾತೇ ಎನ್ನುವ ಹಾಗೆ ನನ್ನ ಮುಖ ನೋಡಿದಳು.

"ಮಿಸ್‌ದು ಇನ್ನೂ ಮುಗಿದಿರ್ಲಿಲ್ಲ. ಜೊತೆಗೆ ನಿಂತಿದ್ದೆ."